ಹೆಬ್ಬೆಟ್ಟಿಗೆ ಬಂದ ಭಾಗ್ಯ

ಒಂದು ಕಾಲದಲ್ಲಿ ಹೆಬ್ಬೆಟ್ಟು ಎಂದರೆ ಬೈಗುಳ. ಹೆಣ್ಣು ನೋಡಲು ಹೋದವರು, ಹುಡುಗಿಯ ಅಪ್ಪ ಹೆಬ್ಬೆಟ್ಟು ಎಂದು ಗೊತ್ತಾದರೆ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಈ ಕಳಂಕವನ್ನು ತೊಳೆಯಲೆಂದೇ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. ಸ್ವಯಂಸೇವಕರು ಸ್ಲೇಟು, ಬಳಪ, ಲಾಟೀನು ಹಿಡಿದು ರಾತ್ರಿ ಹೊತ್ತು ಕೇರಿ ಕೇರಿ ತಿರುಗಿದರು. ದಿನವಿಡೀ ದುಡಿದು ತೂಕಡಿಸುತ್ತಿದ್ದ ಹೆಂಗಸರ ಕೈ ಹಿಡಿದು ತಿದ್ದಿಸಿದರು.

ನಮ್ಮ ಬೀದಿಯ ಕೊನೆಮನೆಯ ಅಜ್ಜಿ ಆ ರಾತ್ರಿಶಾಲೆಯ ಫಸಲು. ಹೆಸರಿನ ಕೊನೆಗೆ ಬರುವ ‘ಮ್ಮ’ದ ಒತ್ತಕ್ಷರ ಕೈಗೆ ಹತ್ತಲು ಒಂದು ಇಡೀ ಮಳೆಗಾಲ ಹಿಡಿಯಿತಂತೆ. ಹತ್ತಿದ ಮೇಲೆ ಕೇಳಬೇಕೇ? ಸಂಘದ ಸಾಲದ ದಿನ ಗುಮಾಸ್ತರು ಅಭ್ಯಾಸಬಲದಿಂದ ಮಸಿಯ ಡಬ್ಬಿಯನ್ನು ಮುಂದೆ ತಳ್ಳಿದಾಗ, ಅದನ್ನು ಎರಡು ಬೆರಳಿನಿಂದ ಹಿಂದಕ್ಕೆ ತಳ್ಳಿ, ‘ಪೆನ್ನು ಕೊಡಿ’ ಎಂದರಂತೆ. ಆ ‘ಪೆನ್ನು ಕೊಡಿ’ಯನ್ನು ಅಜ್ಜಿ ಇಂದಿಗೂ ಮೂರು ಸ್ವರಗಳಲ್ಲಿ ಹೇಳಿ ತೋರಿಸುತ್ತಾರೆ.

ಈಗ ಅದೇ ಅಜ್ಜಿ ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟನ್ನು ಎತ್ತಿ ಹಿಡಿದು ನಿಲ್ಲುತ್ತಾರೆ. ಅಜ್ಜಿಯೊಬ್ಬರೇ ಅಲ್ಲ. ಸಿಮ್ ಕಾರ್ಡಿಗೆ ಹೆಬ್ಬೆಟ್ಟು, ಸೈಟು ನೋಂದಣಿಗೆ ಹೆಬ್ಬೆಟ್ಟು, ಕಚೇರಿಯ ಹಾಜರಿಗೆ ಹೆಬ್ಬೆಟ್ಟು. ಕಾಲೇಜಿನಲ್ಲಿ ಕನ್ನಡ ಎಂ.ಎ. ಪಾಠ ಮಾಡುವ ಪ್ರಾಧ್ಯಾಪಕರೂ ಬೆಳಿಗ್ಗೆ ಒತ್ತಿಯೇ ಒಳಗೆ ಹೋಗುತ್ತಾರೆ. ಸಮಾಜವಾದ ಈ ದೇಶಕ್ಕೆ ಬಂದದ್ದು ಬೆರಳಿನ ತುದಿಯಿಂದ.

ಇದೆಲ್ಲ ಶುರುವಾದದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟ ದಿನ. ಆ ಸಂಖ್ಯೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರಲ್ಲಿ ನ್ಯಾಯಾಲಯ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರಲ್ಲಿ, ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳುವುದು ಸರಿಯೇ ಎಂದಿತು. ನನ್ನಂಥ ಅರೆಬರೆ ಓದುಗನಿಗೆ ಅರ್ಥವಾದದ್ದು ಇಷ್ಟು: ಅಕ್ಕಿ ಬೇಡದವರ ಬೆರಳು ಖಾಸಗಿ, ಅಕ್ಕಿ ಬೇಕಾದವರ ಬೆರಳು ಸಾರ್ವಜನಿಕ.

ಅಜ್ಜಿಯ ಬೆರಳಿನ ಕಥೆಯೇ ಬೇರೆ. ಐವತ್ತು ಸುಗ್ಗಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಬೆರಳು ಅದು. ಗೆರೆಗಳೆಲ್ಲ ಅಡಿಕೆಸಿಪ್ಪೆಯ ಜೊತೆಗೇ ಹೋಗಿವೆ. ಯಂತ್ರದ ಕೆಂಪು ದೀಪದ ಮೇಲೆ ಇಟ್ಟರೆ ನೀರಿನ ಮೇಲೆ ಇಟ್ಟಂತೆ. ಆಗ ಸರದಿಯಲ್ಲಿರುವ ತಜ್ಞರೆಲ್ಲ ಮುಂದೆ ಬರುತ್ತಾರೆ. ಸೆರಗಿಗೆ ಒರೆಸಿ ಎನ್ನುವವರು ಒಬ್ಬರು, ತಲೆಯ ಎಣ್ಣೆಗೆ ತಿಕ್ಕಿ ಎನ್ನುವವರು ಇನ್ನೊಬ್ಬರು, ಬಾಯಿಂದ ಬಿಸಿಯುಸಿರು ಬಿಡಿ ಎನ್ನುವವರು ಮತ್ತೊಬ್ಬರು. ಹಲ್ಲುನೋವಿಗೂ ಇಷ್ಟು ಮದ್ದು ನಮ್ಮೂರಿನಲ್ಲಿ ಇಲ್ಲ.

ಬೆರಳು ಬಾರದಿದ್ದರೆ ಒಟಿಪಿ ಇದೆಯಲ್ಲ ಎನ್ನುತ್ತೀರಿ. ಇದೆ. ಅಜ್ಜಿಯ ಒಟಿಪಿ ಮೊಮ್ಮಗನ ಮೊಬೈಲಿಗೆ ಹೋಗುತ್ತದೆ. ಮೊಮ್ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಗೇಟಿನಲ್ಲಿ ಕಾವಲುಗಾರ. ಪಾಳಿಯಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ಗೇಟಿನ ಒಳಗೆ ನೂರಾರು ಜನ ಹಗಲೂ ಇರುಳೂ ಕೂತು ಅಮೆರಿಕದ ಬ್ಯಾಂಕುಗಳ ಸರ್ವರ್ ಕಣ್ಣು ಮುಚ್ಚದಂತೆ ಕಾಯುತ್ತಿರುತ್ತಾರೆ. ಗೇಟಿನ ಹೊರಗೆ ಅಜ್ಜಿಯ ಒಟಿಪಿ ಯೂನಿಫಾರಂ ಜೇಬಿನಲ್ಲಿ ಒಮ್ಮೆ ನಡುಗಿ ಪ್ರಾಣ ಬಿಡುತ್ತದೆ.

ಸರ್ವರ್ ಎಂದೆನಲ್ಲ. ಹಿಂದೆ ಸರ್ವರ್ ಎಂದರೆ ಹೋಟೆಲಿನಲ್ಲಿ ದೋಸೆ ತರುತ್ತಿದ್ದವನು. ತಡಮಾಡಿದರೆ ಕರೆದು ಗದರಬಹುದಿತ್ತು. ಈಗಿನ ಸರ್ವರ್ ಎಲ್ಲಿದೆಯೋ ನೋಡಿದವರಿಲ್ಲ, ಆದರೆ ಎಲ್ಲರ ಬಾಯಲ್ಲೂ ಅದರದೇ ನಾಮಸ್ಮರಣೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ತಿರುಗಿಸಿ ಬರೆಯಬೇಕಾಗಿದೆ: ಪೂಜಾರಿ ಎದುರಿಗೇ ಕೂತಿದ್ದಾನೆ, ಬಾಗಿಲು ತೆರೆದಿದೆ, ಒಳಗೆ ದೇವರೇ ಇಲ್ಲ. ‘ಸರ್ವರ್ ಇಲ್ಲ’ ಎಂಬ ಎರಡು ಶಬ್ದಕ್ಕೆ ಮೇಲ್ಮನವಿ ಇಲ್ಲ. ಹಿಂದೆ ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದರೆ ಜನ ಗಲಾಟೆ ಮಾಡುತ್ತಿದ್ದರು. ಸರ್ವರ್ ಹೋಗಿದೆ ಎಂದರೆ ‘ಪಾಪ’ ಎನ್ನುತ್ತಾರೆ.

ತಂತ್ರಾಂಶಗಳಿಗೆ ಹೆಸರಿಡುವುದರಲ್ಲಿ ಮಾತ್ರ ನಮ್ಮ ಸರ್ಕಾರವನ್ನು ಮೀರಿಸುವವರಿಲ್ಲ. ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ, ಅರ್ಜಿಗಳಿಗೆ ಸೇವಾ ಸಿಂಧು, ಎಲ್ಲವೂ ಹೊತ್ತಿಗೆ ಸರಿಯಾಗಿ ಸಿಗಲೆಂದು 2012ರಲ್ಲಿ ಬಂದ ಸಕಾಲ. ನನ್ನ ಅಜ್ಜ ಸ್ನಾನಕ್ಕೆ ಕೂತಾಗ ತಂಬಿಗೆಯ ನೀರಿಗೆ ‘ನರ್ಮದೇ ಸಿಂಧು ಕಾವೇರಿ’ ಎಂದು ಆವಾಹನೆ ಮಾಡುತ್ತಿದ್ದರು. ಈಗ ನಾವು ಕಂಪ್ಯೂಟರಿನ ಮುಂದೆ ಕೂತು ಅದೇ ಸಿಂಧುವನ್ನೂ ಅದೇ ಕಾವೇರಿಯನ್ನೂ ಕರೆಯುತ್ತೇವೆ, ಚಕ್ರ ತಿರುಗುತ್ತಿರುತ್ತದೆ. 2025ರ ಆರಂಭದಲ್ಲಂತೂ ಕಾವೇರಿ ದಿನಗಟ್ಟಲೆ ಕುಂಟಿತು. ಯಾರೋ ಸುಳ್ಳು ಬೇಡಿಕೆಗಳ ಮಳೆ ಸುರಿಸಿ ಉಸಿರು ಕಟ್ಟಿಸಿದರೆಂದು ಪೊಲೀಸರಿಗೆ ದೂರು ಹೋಯಿತು. ಕಾವೇರಿ ನಿಂತಾಗ ಪಕ್ಕದ ರಾಜ್ಯವನ್ನು ಬೈಯಲಾಗದೆ ನಾವು ಕಕ್ಕಾಬಿಕ್ಕಿಯಾದದ್ದು ಅದೊಂದೇ ಸಲವಿರಬೇಕು.

ಪಿಂಚಣಿದಾರರ ಪಾಡು ಇನ್ನೂ ಸೊಗಸು. 2014ರಿಂದ ಜೀವನ್ ಪ್ರಮಾಣ್ ಎಂಬುದಿದೆ. ನವೆಂಬರ್ ಬಂತೆಂದರೆ ತಾವು ಸತ್ತಿಲ್ಲ ಎಂದು ಬೆರಳೊತ್ತಿ ರುಜುವಾತು ಮಾಡಬಹುದು. ಕಳೆದ ವರ್ಷ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಜೊತೆಗೆ ಹೋಗಿದ್ದೆ. ಹತ್ತು ಬೆರಳೂ ಮುಗಿದವು. ಮೇಜು ಬಡಿದು ‘ನಾನು ಬದುಕಿದ್ದೇನೆ!’ ಎಂದು ಕೂಗಿದರು. ಅವರ ಶಿಷ್ಯನೇ ಆಗಿದ್ದ ಆಪರೇಟರ್ ಎದ್ದು ನಿಂತು, ಕೈ ಮುಗಿದು ಹೇಳಿದ: ‘ನನಗೆ ಕಾಣುತ್ತಿದೆ ಸಾರ್. ಅದಕ್ಕೆ ಕಾಣುತ್ತಿಲ್ಲ.’

ಮೊನ್ನೆ ಅಜ್ಜಿಯ ಸರದಿಯಲ್ಲಿ ನಾನೂ ಇದ್ದೆ. ಸೆರಗು, ಎಣ್ಣೆ, ಬಿಸಿಯುಸಿರು ಎಲ್ಲ ಆಯಿತು. ಯಂತ್ರ ಒಪ್ಪಲಿಲ್ಲ. ಅಂಗಡಿಯವನು ಒಳ್ಳೆಯವನು. ಮೇಜಿನ ಕೆಳಗಿನಿಂದ ಉದ್ದನೆಯ ಹಳೆಯ ರಿಜಿಸ್ಟರ್ ತೆಗೆದು ಧೂಳು ಹೊಡೆದ.

‘ಬೆರಳು ಬರಲಿಲ್ಲ ಅಂತ ಇದರಲ್ಲಿ ಬರೆದುಕೊಳ್ಳುತ್ತೇನೆ ಅಜ್ಜಿ, ಒಂದು ಸಹಿ ಮಾಡಿಬಿಡಿ.’

ಅಜ್ಜಿಯ ಬೆನ್ನು ನೆಟ್ಟಗಾಯಿತು. ‘ಪೆನ್ನು ಕೊಡು ತಮ್ಮಾ’ ಎಂದರು, ಮೂರು ಸ್ವರಗಳಲ್ಲೂ. ಸರದಿಯೆಲ್ಲ ಕಾಯಿತು. ‘ಮ್ಮ’ದ ಒತ್ತಕ್ಷರ ಗೆರೆಯ ಕೆಳಗೆ ಬಂದು ಚೊಕ್ಕವಾಗಿ ಕುಳಿತಿತು.

ಅಂಗಡಿಯವನು ನೋಡಿ ಮೆಚ್ಚಿದ. ‘ಚೆನ್ನಾಗಿದೆ’ ಎಂದು ಮಸಿಯ ಡಬ್ಬಿಯ ಮುಚ್ಚಳ ತೆಗೆದು ಮುಂದೆ ತಳ್ಳಿದ. ‘ಆಡಿಟ್‌ನವರು ಕೇಳುತ್ತಾರೆ ಅಜ್ಜಿ, ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿಬಿಡಿ.’

ಒತ್ತಿದರು. ಸಹಿಯ ಪಕ್ಕದಲ್ಲಿ ನೇರಳೆ ಬಣ್ಣದ ಒಂದು ಬೊಟ್ಟು ಮೂಡಿತು. ಬಗ್ಗಿ ನೋಡಿದೆ, ಅದರೊಳಗೆ ಒಂದು ಗೆರೆಯೂ ಇರಲಿಲ್ಲ.