ಸತ್ಯಾಂಶ: ಕಾದಂಬರಿಗೆ 50 ವರ್ಷ ತುಂಬಿದರೆ ಸಿನಿಮಾ ಮಾಡಲು ಅನುಮತಿ ಬೇಡವೇ?

‘ಪ್ರಕಟವಾಗಿ 50 ವರ್ಷ ಕಳೆದ ಪ್ರೇಮ ಕಾದಂಬರಿಯನ್ನು ಯಾರು ಬೇಕಾದರೂ ಸಿನಿಮಾ ಮಾಡಬಹುದು, ಟೈಟಲ್‌ನಲ್ಲಿ ಲೇಖಕರ ಹೆಸರು ಹಾಕಿದರೆ ಸಾಕು’ ಎಂಬ ಸಂದೇಶ ತುಮಕೂರು, ಕೋಲಾರದ ಕಿರುಚಿತ್ರ ತಂಡಗಳ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕೃತಿಸ್ವಾಮ್ಯದ (ಕಾಪಿರೈಟ್) ಲೆಕ್ಕ ಶುರುವಾಗುವುದು ಪುಸ್ತಕ ಅಚ್ಚಾದ ವರ್ಷದಿಂದಲ್ಲ, ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ. ಅಲ್ಲಿಂದ 60 ವರ್ಷ. (ಮೊದಲು ಮರಣಾನಂತರ 50 ವರ್ಷ ಎಂದೇ ಇತ್ತು, ಟ್ಯಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿ ಅದನ್ನು 60 ಮಾಡಿತು. ಗೊಂದಲದ ಬೇರು ಇದೇ ಇರಬೇಕು.)

ಕೋಲಾರದಲ್ಲಿ ಹುಟ್ಟಿದ ಅ.ನ.ಕೃ. ತೀರಿಕೊಂಡದ್ದು 1971ರಲ್ಲಿ. ಅವರ ಕಾದಂಬರಿ ಎಷ್ಟೇ ಹಳೆಯದಿರಲಿ, 2031ರ ಕೊನೆಯವರೆಗೆ ವಾರಸುದಾರರ ಅನುಮತಿ ಬೇಕು. ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರಿಂದ ಮುಕ್ತ, ಅನುಮತಿ ಬೇಡ. ಆದರೆ ಎಡವುವುದು ಇಲ್ಲೇ. ಅವರ ‘ಬೆಳ್ಳಿಮೋಡ’ ಆಧರಿಸಿದ 1967ರ ಚಿತ್ರದ ಹಕ್ಕು 2027ರ ಕೊನೆಯವರೆಗೂ ಇದೆ (ಸಿನಿಮಾಕ್ಕೆ 60 ವರ್ಷದ ಲೆಕ್ಕ ಬಿಡುಗಡೆಯ ಮರುವರ್ಷದಿಂದ). ಅದರಲ್ಲಿ ಬಳಸಿದ ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆಯದು 2041ರವರೆಗೆ. ಹಾಗಾಗಿ ಚಿತ್ರಕಥೆ ಬರೆಯುವಾಗ ಪುಸ್ತಕ ಮುಂದಿಟ್ಟುಕೊಳ್ಳಿ, ಸಿನಿಮಾ ಬೇಡ. ಚಿತ್ರಕ್ಕೆಂದೇ ಸೇರಿಸಿದ ದೃಶ್ಯ, ಸಂಭಾಷಣೆ ನುಸುಳಿದರೆ ಅದು ಬೇರೆಯವರ ಸ್ವತ್ತು. ಅನುವಾದದ ವಿಷಯವೂ ಹೀಗೆಯೇ: ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ ಮೂಲ ಮುಕ್ತವೇ. ಆದರೆ ಅವಧಿ ಮುಗಿಯದ ಕನ್ನಡ ಅನುವಾದದ ಹಕ್ಕು ಅನುವಾದಕರದು.

ಅನುಮತಿ ಬಾಯಿಮಾತಲ್ಲಿ ನಿಲ್ಲುವುದಿಲ್ಲ. ಬರಹದಲ್ಲಿರಬೇಕು, ಸಹಿ ಇರಬೇಕು. ಮಕ್ಕಳು ಮೂವರಿದ್ದರೆ ಮೂವರದೂ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಎಣಿಸುತ್ತದೆ. ಯೂಟ್ಯೂಬ್‌ಗೆ ಹಾಕುವವರು ‘ಎಲ್ಲ ದೇಶಗಳಿಗೂ’ ಎಂದು ಬರೆಸಿಕೊಳ್ಳುವುದು ಒಳ್ಳೆಯದು.