ಬೆಂಚಿನ ಬೆನ್ನಿಗೆ ಬಿದ್ದವರು

ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ನಮ್ಮ ಸೇವಾ ಕ್ಲಬ್ಬಿನ ಸಭೆ. ಏಳೂವರೆ ಅಂದರೆ ಮಂಡ್ಯದ ಏಳೂವರೆ. ಗಡಿಯಾರದಲ್ಲಿ ಅದು ಎಂಟೂ ಇಪ್ಪತ್ತು. ಬಂದವರೆಲ್ಲ ಮೊದಲು ಅಡುಗೆಮನೆ ಕಡೆ ಒಂದು ಸಲ ಇಣುಕಿ, ಆಮೇಲೆ ಕುರ್ಚಿ ಹಿಡಿಯುತ್ತಾರೆ. ಕ್ಲಬ್ಬಿನ ಭಾಷೆಯಲ್ಲಿ ಊಟಕ್ಕೆ ಫೆಲೋಶಿಪ್ ಅಂತಾರೆ. "ಇವತ್ತು ಫೆಲೋಶಿಪ್ ಹೆಂಗೆ?" ಅಂತ ಯಾರಾದರೂ ಕೇಳಿದರೆ ಅದು ಸ್ನೇಹದ ವಿಚಾರವಲ್ಲ, ಮುದ್ದೆಯೋ ಚಪಾತಿಯೋ ಅನ್ನುವ ವಿಚಾರ.

ಕ್ಲಬ್ಬಿನ ಹೆಸರು ಬೇಡ. ನನ್ನ ಚಂದಾ ಎರಡು ವರ್ಷದ್ದು ಬಾಕಿ ಇದೆ. ಕನ್ನಡ ಎಂ.ಎ. ಮಾಡಿದ ಒಂದೇ ತಪ್ಪಿಗೆ ವಾರದ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಒಂದು ಹಾಳೆ, ಎರಡೂ ಕಡೆ ಜೆರಾಕ್ಸು. ಏನೂ ನಡೆಯದ ವಾರ ಕೂಡ ಎರಡೂ ಕಡೆ ತುಂಬಿಸಬೇಕು. ಅದು ಸುಲಭದ ಸಾಹಿತ್ಯ ಅಲ್ಲ.

ನಮ್ಮದು ರೋಟರಿಯೂ ಅಲ್ಲ, ಲಯನ್ಸೂ ಅಲ್ಲ. ಅವೆರಡನ್ನೂ ಕಿಟಕಿಯಿಂದ ನೋಡಿ ಬೆಳೆದ ಮೂರನೆಯದು. ಅವರನ್ನು ಆಡಿಕೊಳ್ಳುವ ಧೈರ್ಯ ನನಗಿಲ್ಲ. 1905ರ ಫೆಬ್ರವರಿ 23ರಂದು ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲ ಮೂವರು ಗೆಳೆಯರ ಜೊತೆ ಕೂತು ಶುರು ಮಾಡಿದ್ದು ರೋಟರಿ. ಒಂದು ಸಲ ಒಬ್ಬರ ಆಫೀಸು, ಮುಂದಿನ ಸಲ ಇನ್ನೊಬ್ಬರದು. ಹೀಗೆ ಸಭೆ ಸುತ್ತುತ್ತಿದ್ದುದರಿಂದಲೇ ಆ ಹೆಸರು. ಪೋಲಿಯೋ ವಿರುದ್ಧ ಅವರು ದಶಕಗಟ್ಟಲೆ ದುಡಿದರು. ಭಾರತದಲ್ಲಿ ಕೊನೆಯ ಪ್ರಕರಣ ಕಂಡಿದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ದೇಶ ಪೋಲಿಯೋ ಮುಕ್ತ ಅನ್ನಿಸಿಕೊಂಡಿತು. ಇನ್ನು ಲಯನ್ಸಿನವರು. 1925ರಲ್ಲಿ ಹೆಲೆನ್ ಕೆಲ್ಲರ್ ಬಂದು ಕುರುಡರ ಪರ ನಿಲ್ಲಿ ಅಂತ ಕೇಳಿಕೊಂಡಿದ್ದಕ್ಕೆ ಇವತ್ತಿಗೂ ಊರೂರಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದಾರೆ.

ಅವರಿಂದ ನಾವು ಕಲಿತಿದ್ದು ಗಂಟೆ ಬಾರಿಸುವುದನ್ನು, ಕೊರಳಿಗೆ ಪದಕದ ಪಟ್ಟಿ ಹಾಕಿಕೊಳ್ಳುವುದನ್ನು. ಅಲ್ಲಿ ಸಭೆ ಸುತ್ತುತ್ತಿತ್ತು, ಇಲ್ಲಿ ಶಾಲು ಸುತ್ತುತ್ತದೆ. ಮೂಲೆಯಲ್ಲಿ ಕಾಫಿ ಕಲೆ ಇರುವ ಒಂದು ಮೆರೂನ್ ಶಾಲು ನಾನು ನೋಡನೋಡುತ್ತಲೇ ಒಂಬತ್ತು ಹೆಗಲು ಏರಿ ಇಳಿದಿದೆ.

ಸ್ವಾಗತ ಭಾಷಣದ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಬೇಕು, ಆಲಾಪ ಬೇಡ ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತಲ್ಲ, ಸ್ವಾಗತ ಭಾಷಣಕ್ಕೂ ಅಂಥದ್ದೊಂದು ಆದೇಶ ಯಾಕಿಲ್ಲ? ನಮ್ಮಲ್ಲಿ ಸ್ವಾಗತಿಸುವವರು ವೇದಿಕೆ ಮೇಲಿನ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ, ಆಲಾಪದ ಸಮೇತ ಸ್ವಾಗತಿಸುತ್ತಾರೆ. ಕೆಳಗೆ ಕೂತವರು ಒಂಬತ್ತು ಜನ. ಅವರಿಗೆ ಒಟ್ಟಿಗೆ ಒಂದು "ಹಾಗೂ ಸಮಸ್ತ ಸಭಿಕರೇ".

ಇಂಥ ಒಂದು ಮಂಗಳವಾರ ನಮ್ಮ ಹೊಸ ಸದಸ್ಯ, ಹಾರ್ಡ್‌ವೇರ್ ಅಂಗಡಿಯ ಹುಡುಗ, ಎದ್ದು ನಿಂತ.

"ಸಾರ್, ಆಸ್ಪತ್ರೆಗೆ ಬಂದೋರು ಬಸ್ಸಿಗೆ ಕಾಯ್ತಾ ಆ ಮರದ ಕೆಳಗೆ ನೆಲದ ಮೇಲೇ ಕೂತಿರ್ತಾರೆ. ಒಂದು ಸಿಮೆಂಟ್ ಬೆಂಚ್ ಹಾಕ್ಸೋಣ. 5,000 ಆಯ್ತದೆ. ನಾಳೆನೇ ತರಿಸ್ತೀನಿ."

ಸಭೆ ಗಪ್‌ಚುಪ್. ಸೇವೆ ಅನ್ನೋದು ಇಷ್ಟು ಸಲೀಸಾಗಿ, ಅದೂ ನಾಳೆಯೇ ಮುಗಿದುಹೋದರೆ ಕ್ಲಬ್ಬಿನ ಗತಿ ಏನು? ಅಧ್ಯಕ್ಷರು ಗಂಟೆ ಬಾರಿಸಿ, ಏಳು ಜನರ ಉಪಸಮಿತಿ ಮಾಡಿದರು. ಹುಡುಗನ ಹೆಸರು ಅದರಲ್ಲಿರಲಿಲ್ಲ. ಅನುಭವ ಸಾಲದು ಅಂದರು.

ಎರಡನೇ ಮಂಗಳವಾರ ಉಪಸಮಿತಿ ವರದಿ ಒಪ್ಪಿಸಿತು. ಬೆಂಚಿನ ಬಗ್ಗೆ ಯಾರದ್ದೂ ತಕರಾರಿಲ್ಲ. ಹೆಸರು ಎಲ್ಲಿ ಹಾಕಿಸೋದು ಅನ್ನೋದೇ ಪ್ರಶ್ನೆ.

ಆಲೆಮನೆ ಇಟ್ಟಿರುವ ಮಾಜಿ ಅಧ್ಯಕ್ಷರು ಮೊದಲು ಮಾತಾಡಿದರು. "ಕೂರೋ ಹಲಗೆ ಮೇಲೆ ಮಾತ್ರ ಬ್ಯಾಡ ಕಣ್ರಪ್ಪ. ಜನ ಬಂದು ನಮ್ಮೆಸ್ರು ಮೇಲೇ ಕುಂತ್ಕತರೆ."

"ಒರಗೋ ಹಲಗೆಗೆ ಹಾಕಿದ್ರೆ ಬೆನ್ನು ಅಡ್ಡ ಬರುತ್ತೆ," ಅಂದರು ರಿಟೈರ್ಡ್ ಎಂಜಿನಿಯರು. ನಾಲೆ, ತೂಬು ನೋಡಿಕೊಂಡು ಮೂವತ್ತು ವರ್ಷ ಕಳೆದವರು. ಜೇಬಿನಿಂದ ಪೆನ್ನು ತೆಗೆದು ಟಿಶ್ಯೂ ಪೇಪರಿನ ಮೇಲೆ ಗೆರೆ ಎಳೆದೂ ತೋರಿಸಿದರು. "ಸರಾಸರಿ ಮನುಷ್ಯ ಕೂತಾಗ ಭುಜ ಇಲ್ಲಿಗೆ ಬರುತ್ತೆ. ಅಧ್ಯಕ್ಷರ ಹೆಸರು ಕಾಣಲ್ಲ. ಖಜಾಂಚಿ ಹೆಸರು ಕಾಣುತ್ತೆ."

ಖಜಾಂಚಿ ಸುಮ್ಮನೆ ಕಡಲೆಬೀಜ ತಿನ್ನುತ್ತಿದ್ದರು.

"ಹಂಗಾದ್ರೆ ಹಿಂದುಗಡೆ ಹಾಕ್ಸಿ," ಅಂದರು ವಕೀಲರು.

"ಹಿಂದುಗಡೆ ಮೋರಿ ಐತೆ. ಮೋರಿ ಕಡೆಯಿಂದ ಯಾರ್ ನೋಡ್ತಾರೆ?"

"ಯಾಕೆ, ಅಲ್ಲಿ ಯಾವಾಗ್ಲೂ ಒಬ್ಬಿಬ್ರು ನಿಂತೇ ಇರ್ತಾರಲ್ಲ."

"ಅವ್ರು ಓದಾಕೆ ನಿಂತಿರಲ್ಲ ವಕೀಲ್ರೇ!"

ಒಂದೂ ಕಾಲು ಗಂಟೆ ಆಯಿತು. ಚಪಾತಿ ಆರಿ ಹಪ್ಪಳವಾಯಿತು. ಕೊನೆಗೆ ಎಂಜಿನಿಯರೇ ದಾರಿ ಹುಡುಕಿದರು. ಒರಗುವ ಹಲಗೆಯನ್ನು ಮೂರಡಿ ಎತ್ತರಿಸಿ, ತಲೆಗಳಿಗಿಂತ ಮೇಲೆ ಕಪ್ಪು ಗ್ರಾನೈಟ್ ಕಲ್ಲು ಕೂರಿಸಿ ಹೆಸರು ಕೆತ್ತಿಸುವುದು. ಅಷ್ಟು ಭಾರಕ್ಕೆ ಹಿಂದೆ ಆನಿಕೆ ಬೇಕು, ಹಾಗಾಗಿ ಕೂರುವ ಜಾಗ ಸ್ವಲ್ಪ ಕಡಿಮೆ ಮಾಡುವುದು. ಮೂರು ಜನ ಕೂರುವ ಬೆಂಚು ಒಂದೂವರೆ ಜನಕ್ಕೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹಸಿವಾಗಿತ್ತು.

ಮೂರನೇ ವಾರ ಎದ್ದಿದ್ದು ಮಾಜಿಗಳ ಪ್ರಶ್ನೆ. ಇಂಥ ಕ್ಲಬ್ಬುಗಳಲ್ಲಿ ವರ್ಷ ಶುರುವಾಗೋದು ಜುಲೈ 1ಕ್ಕೆ. ಮುಂದಿನ ಜೂನ್ 30ಕ್ಕೆ ಅಧ್ಯಕ್ಷಗಿರಿ ಮುಗಿಯಿತು, ಪಟ್ಟಿ ಇನ್ನೊಬ್ಬರ ಕೊರಳಿಗೆ. ಒಳ್ಳೆಯ ಪದ್ಧತಿಯೇ, ಯಾರೂ ಕುರ್ಚಿಗೆ ಅಂಟಿಕೊಳ್ಳುವ ಹಾಗಿಲ್ಲ. ಆದರೆ ವರ್ಷಕ್ಕೊಬ್ಬ ಮಾಜಿ ಹುಟ್ಟುತ್ತಾನೆ, ಹುಟ್ಟಿದವನು ಆಮೇಲೆ ಜೀವಮಾನವಿಡೀ ಮಾಜಿ. ನಮ್ಮಲ್ಲಿ ಈಗ ಹಾಲಿ ಸದಸ್ಯರಿಗಿಂತ ಮಾಜಿ ಅಧ್ಯಕ್ಷರೇ ಜಾಸ್ತಿ ಕಾಣುತ್ತಾರೆ. ಈಗಿನವರ ಹೆಸರೊಂದೇ ಹಾಕಿಸಿದರೆ ಹಿಂದಿನವರೇನು ಕಳ್ಳೇಕಾಯಿ ಸುಲಿಯುತ್ತಿದ್ದರಾ ಅಂತ ಆಲೆಮನೆಯವರು ಮೇಜು ಗುದ್ದಿದರು. ಸರಿ, ಹದಿನಾಲ್ಕು ಮಾಜಿಗಳ ಹೆಸರೂ ಬರಲಿ ಅಂತಾಯಿತು. ಹೆಸರಿನ ಮುಂದೆ ಇಸವಿಯೂ ಬೇಕು, ಇಲ್ಲದಿದ್ದರೆ ಯಾರು ಸೀನಿಯರ್ ಅಂತ ಜನಕ್ಕೆ ಗೊತ್ತಾಗೋದು ಹೇಗೆ ಅಂದರು. ಅದೂ ಆಯಿತು. "ಮೇಲುಗಡೆ ಏನಾದ್ರೂ ಮನಸ್ಸಿಗೆ ತಟ್ಟೋ ಹಂಗೆ ಒಂದು ಸಾಲು ಬರೀರಿ ಮೇಷ್ಟ್ರೇ," ಅಂತ ನನಗೆ ಹೇಳಿದರು. ನಾನು "ಸವಿನೆನಪಿಗಾಗಿ" ಅಂತ ಬರೆದುಕೊಟ್ಟೆ.

ಗ್ರಾನೈಟಿಗೆ 9,000. ಕೆತ್ತುವವನು ಹಾಳೆ ಈಸಿಕೊಂಡು ಹೆಸರು, ಇಸವಿ, ಮೇಲಿನ ಸಾಲು ಎಲ್ಲ ಒಂದು ಸಲ ನೋಡಿದ. ಏನೂ ಕೇಳಲಿಲ್ಲ. ಅವನಿಗೆ ಇಂಥ ಕೆಲಸ ರೂಢಿ.

ನಾಲ್ಕನೇ ವಾರ ಉದ್ಘಾಟನೆ. ಶಾಮಿಯಾನ, ಮೈಕು, ನಲವತ್ತು ಪ್ಲಾಸ್ಟಿಕ್ ಕುರ್ಚಿ. ಹಿಂದೆ ಹನ್ನೆರಡಡಿ ಫ್ಲೆಕ್ಸು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸು ನಿಷೇಧವಾಗಿದ್ದು 2016ರಲ್ಲಿ. ಆ ನಿಷೇಧದ ಅರಿವು ಮೂಡಿಸಲು ನಾವೊಂದು ಜಾಥಾ ಮಾಡಿದ್ದೆವು, ಆಗಲೂ ಫ್ಲೆಕ್ಸು ಚೆನ್ನಾಗಿ ಬಂದಿತ್ತು.

ಬೆಂಚಿನ ಸುತ್ತ ಹಗ್ಗ ಕಟ್ಟಿದ್ದರು. ಬಸ್ಸಿಗೆ ಬಂದವರು ಆಸೆಯಿಂದ ಹತ್ತಿರ ಹೋದರೆ, "ಏ, ಇನ್ನೂ ಉದ್ಘಾಟನೆ ಆಗಿಲ್ಲ, ಆ ಕಡೆ ಕೂತ್ಕೊಳ್ಳಿ" ಅಂತ ನಮ್ಮ ಕಾರ್ಯದರ್ಶಿ ಗದರುತ್ತಿದ್ದರು. ಅವರು ಎಂದಿನ ಹಾಗೆ ನೆಲದ ಮೇಲೆ ಕೂತರು. ಹತ್ತೂವರೆಗೆ ಬರಬೇಕಿದ್ದ ಅತಿಥಿಗಳು ಹನ್ನೆರಡೂ ಮುಕ್ಕಾಲಿಗೆ ಬಂದರು. ಅಷ್ಟರಲ್ಲಿ ಮೂರು ಬಸ್ಸು ಬಂದು ಹೋಗಿದ್ದವು.

ಭಾಷಣಗಳಲ್ಲಿ ವಿಶ್ವೇಶ್ವರಯ್ಯನವರು ಬಂದರು. ಮಂಡ್ಯದಲ್ಲಿ ಯಾವ ಭಾಷಣ ಎಲ್ಲಿಂದ ಹೊರಟರೂ ಐದನೇ ನಿಮಿಷಕ್ಕೆ ಅವರ ಹತ್ತಿರ ಬಂದೇ ಬರುತ್ತದೆ. "ಅವರು ಕನ್ನಂಬಾಡಿ ಕಟ್ಟೆ ಕಟ್ಟಿದರು, ನಮ್ಮ ಅಧ್ಯಕ್ಷರು ಈ ಬೆಂಚು ಕಟ್ಟಿದ್ದಾರೆ," ಅಂದರು ಎಂಜಿನಿಯರು. ಅಧ್ಯಕ್ಷರು ನಾಚಿಕೊಂಡು ತಲೆ ತಗ್ಗಿಸಿದರು, ಬೇಡ ಅನ್ನಲಿಲ್ಲ. 1911ರಲ್ಲಿ ಶುರುವಾದ ಆ ಕಟ್ಟೆ ಮುಗಿಯಲು ಎರಡು ದಶಕ ಬೇಕಾಯಿತು. ನಮ್ಮದು ನಾಲ್ಕೇ ವಾರ, ಹಾಗೆ ನೋಡಿದರೆ ನಾವೇ ಮುಂದೆ.

ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಊದುಬತ್ತಿ ಸಿಕ್ಕಿಸಿ, ಒಂದು ದೊಡ್ಡ ಸೇವಂತಿಗೆ ಹಾರ ಹಾಕಿದರು. ಅತಿಥಿಗಳು ಫೋಟೋಗೆ ಒಂದು ಕ್ಷಣ ಕೂತರು. ಜಾಗ ಸಾಲದೆ ಅರ್ಧ ಮಾತ್ರ ಕೂತರು. ಮೆರೂನ್ ಶಾಲು ಹತ್ತನೇ ಹೆಗಲು ಕಂಡಿತು. ಸಮಾರಂಭದ ಖರ್ಚು 18,000 ಅಂತ ಖಜಾಂಚಿ ಲೆಕ್ಕ ಕೊಟ್ಟರು. ಬೆಂಚು ಕೊಡಿಸಿದ ಹಾರ್ಡ್‌ವೇರ್ ಹುಡುಗ ಕುರ್ಚಿ ಜೋಡಿಸುತ್ತಿದ್ದ.

ಮಾರನೇ ದಿನ ಬೆಳಗ್ಗೆ ವರದಿಗೆ ಎರಡು ಸಾಲು ಸಿಗಬಹುದು ಅಂತ ಆ ಕಡೆ ಹೋದೆ. ಬೆಂಚು ಖಾಲಿ ಇತ್ತು. ಹಾರ ಸ್ವಲ್ಪ ಬಾಡಿತ್ತು. ಅದರಿಂದ ಎರಡು ಮಾರು ದೂರದಲ್ಲಿ ಒಬ್ಬ ಅಜ್ಜಿ ಚೀಲ ಪಕ್ಕಕ್ಕಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಜೊತೆಗೆ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಇರುವ ಮೊಮ್ಮಗ.

"ಅಜ್ಜೀ, ಬೆಂಚ್ ಮೇಲೆ ಕೂತ್ಕೊಳ್ಳಿ. ನಿಮ್ಮಂಥೋರಿಗೇ ಹಾಕ್ಸಿರೋದು."

"ಬ್ಯಾಡ ಕಣಪ್ಪ," ಅಂದರು ಅಜ್ಜಿ. "ಪಾಪ, ಯಾರ್ ಯಾರ್ನೋ ಮಲಗ್ಸವ್ರೆ. ಅವ್ರ ಮ್ಯಾಲೆ ಕುಂತ್ಕಳಕ್ಕಾದದಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಹುಡುಗ ಕಲ್ಲಿನ ಹತ್ತಿರ ಹೋಗಿ ಬೆರಳಿಟ್ಟು ಓದತೊಡಗಿದ. ಹೆಸರುಗಳನ್ನು ಬಿಟ್ಟು ಬರೀ ಅಂಕಿ. "2011–12. 2012–13. 2013–14. ಅಜ್ಜೀ, ಎಲ್ಲಾರೂ ಒಂದೊಂದೇ ವರ್ಸ ಬದುಕವ್ರೆ ಕಣಜ್ಜಿ."

"ಅಯ್ಯೋ, ಎಲ್ಲ ಕೂಸುಗಳಾ?" ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಸಾಲಾಗಿ ಹದಿನಾಕು ಕೂಸು. ಅದ್ಯಾವ ಕಾಯ್ಲೆ ಬಡೀತೋ ಸಿವ್ನೇ."

ಬಸ್ಸು ಬಂತು, ಇಬ್ಬರೂ ಹತ್ತಿಕೊಂಡು ಹೋದರು.

ಮುಂದಿನ ಮಂಗಳವಾರದ ವರದಿಯಲ್ಲಿ ನಾನು ಹೀಗೆ ಬರೆದೆ: "ನಮ್ಮ ಕ್ಲಬ್ಬಿನ ಬೆಂಚು ಸಾರ್ವಜನಿಕರ ಮನಸ್ಸನ್ನು ತಟ್ಟಿದೆ. ಮಾಜಿ ಅಧ್ಯಕ್ಷರ ಹೆಸರುಗಳನ್ನು ಕಂಡು ಹಿರಿಯ ಮಹಿಳೆಯೊಬ್ಬರು ಕಣ್ಣೀರು ಹಾಕಿದರು." ಅಧ್ಯಕ್ಷರು ಅದನ್ನು ಮೈಕಿನಲ್ಲಿ ಎರಡು ಸಲ ಓದಿಸಿ, ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದೆಸಿದರು. ಕಾಫಿ ಕಲೆ ಎಡಗಡೆ ಬಂತು.