ದೀಪದೊಳಗೆ ನೀರು, ‘ನಾರ್ಮಲ್ ಸರ್’

ಕಾರು ಮಾರುವವರಿಗೆ ಮಲೆನಾಡೆಂದರೆ ಎಲ್ಲಿಲ್ಲದ ಪ್ರೀತಿ. ಜಾಹೀರಾತಿನಲ್ಲಿ ಹೊಸ ಕಾರು ಓಡುವುದು ಘಾಟಿಯ ತಿರುವಿನಲ್ಲೇ. ಅದೂ ಸುರಿಮಳೆಯಲ್ಲಿ, ಎರಡೂ ಬದಿಗೆ ನೀರು ಚಿಮ್ಮಿಸುತ್ತ. ಅದೇ ಕಾರನ್ನು ಕೊಂಡ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ಆಷಾಢದಲ್ಲಿ ‘ಹೆಡ್‌ಲೈಟಿನೊಳಗೆ ನೀರು ನಿಂತಿದೆ’ ಎಂದು ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಹೋದರೆ ಮಾತ್ರ ಅಲ್ಲಿಯವರ ಹುಬ್ಬು ಮೇಲೇರುತ್ತದೆ. “ಗಾಡಿಯನ್ನು ಮಳೆಯಲ್ಲಿ ಓಡಿಸಿದ್ದೀರಾ ಸರ್?”

ಓಡಿಸಿದ್ದಾರೆ, ಒಪ್ಪಿಕೊಳ್ಳೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮಳೆ ನಿಂತ ಮೇಲೆ ಪೇಟೆಗೆ ಹೊರಡೋಣ ಎಂದು ಕುಳಿತವರು ದೀಪಾವಳಿಯ ಹೊತ್ತಿಗೆ ಅಂಗಳಕ್ಕೆ ಇಳಿದಾರು.

ಆಮೇಲೆ ಬರುತ್ತದೆ ಮಹಾವಾಕ್ಯ: “ಇದು ನಾರ್ಮಲ್ ಸರ್.”

ಅರ್ಧ ನಿಜ. ಹೆಡ್‌ಲೈಟ್ ಗಾಳಿಯಾಡದ ಡಬ್ಬಿಯಲ್ಲ. ಬಲ್ಬ್ ಉರಿಯುವಾಗ ಒಳಗಿನ ಗಾಳಿ ಹಿಗ್ಗುತ್ತದೆ, ಆರಿದಾಗ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಅದಕ್ಕೆಂದೇ ಸಣ್ಣ ಗಾಳಿಕಿಂಡಿ ಇಟ್ಟಿರುತ್ತಾರೆ. ಒಳಬಂದ ತೇವದ ಗಾಳಿ ತಣ್ಣಗಿರುವ ಮುಂಭಾಗಕ್ಕೆ (ನಾವು ಗಾಜು ಎನ್ನುವುದು ಈಗ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್) ತಾಗಿದರೆ ತೆಳುವಾದ ಮಂಜು ಕಟ್ಟುತ್ತದೆ, ದೀಪ ಹಾಕಿ ಸ್ವಲ್ಪ ದೂರ ಓಡಿಸಿದರೆ ಹೋಗುತ್ತದೆ. 55 ವ್ಯಾಟಿನ ಹ್ಯಾಲೊಜೆನ್ ಬಲ್ಬು ತನ್ನ ಬಿಸಿಗೇ ಅದನ್ನು ಬೇಗ ಆರಿಸುತ್ತಿತ್ತು. ಎಲ್‌ಇಡಿ ತನ್ನ ಬಿಸಿಯನ್ನು ಹಿಂದಕ್ಕೆ ದಾಟಿಸುತ್ತದೆ. ಹಾಗಾಗಿ ಮಂಜು ಹೆಚ್ಚು ಹೊತ್ತು ಕೂರುತ್ತದೆ. ಇಲ್ಲಿಯವರೆಗೆ ನಾರ್ಮಲ್.

ಆದರೆ ಹನಿಗಟ್ಟಿ, ಇಳಿದು, ತಳದಲ್ಲಿ ನಿಂತ ನೀರು ಮಂಜಲ್ಲ. ಅಂಚಿನ ಬ್ಯೂಟೈಲ್ ಅಂಟು ಬಿಟ್ಟಿರಬೇಕು, ಎಲ್ಲೋ ಬಿರುಕಿರಬೇಕು, ಕೆಸರು ತುಂಬಿ ಗಾಳಿಕಿಂಡಿ ಕಟ್ಟಿರಬೇಕು. ಅಥವಾ ಹಿಂದಿನ ಸರ್ವಿಸಿನಲ್ಲಿ ಬಲ್ಬ್ ಬದಲಿಸಿದ ಪುಣ್ಯಾತ್ಮ ಹಿಂಬದಿಯ ರಬ್ಬರ್ ಮುಚ್ಚಳವನ್ನು ಬೆಂಚಿನ ಮೇಲೆಯೇ ಮರೆತಿರಬೇಕು. ಈ ಕೊನೆಯ ಸಾಧ್ಯತೆಯನ್ನು ಸರ್ವಿಸ್ ಸೆಂಟರಿನಲ್ಲಿ ಬಾಯಿಬಿಟ್ಟು ಹೇಳುವುದು ಶಿಷ್ಟಾಚಾರವಲ್ಲ.

ನಾರ್ಮಲ್ಲಿಗೆ ಎಲ್ಲೆ ಎಲ್ಲಿ? ಮಂಜು ನಾರ್ಮಲ್, ಹನಿ ನಾರ್ಮಲ್, ಆಗುಂಬೆ ಘಾಟಿಯ 14 ತಿರುವುಗಳಲ್ಲೂ ನೀರು ಒಳಗೇ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತುಳುಕಿದರೆ “ಇನ್ನೊಂದು ಮಳೆಗಾಲ ನೋಡೋಣ ಸರ್”. ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆಗಳು ಆಗಾಗ ಪತ್ತೆಯಾಗುತ್ತಿರುತ್ತವೆ. ಮುಂದಿನ ಪ್ರಭೇದ ಯಾರದಾದರೂ ಎಡಗಡೆಯ ಹೆಡ್‌ಲೈಟಿನಲ್ಲಿ ಸಿಕ್ಕರೆ ಅದಕ್ಕೂ ವಾರಂಟಿ ಇರುವುದಿಲ್ಲ, ಜೀವವೈವಿಧ್ಯ ಸಮಿತಿಯ ಅನುಮತಿ ಬೇರೆ ಬೇಕಾಗುತ್ತದೆ.

ಸಾಕ್ಷಿ ಹಿಡಿಯುವುದೂ ಸುಲಭವಲ್ಲ. ಬೆಳಿಗ್ಗೆ ಮನೆಯಲ್ಲಿ ಬಿಳಿಚಿಕೊಂಡಿದ್ದ ದೀಪ, ಮಂಡಗದ್ದೆ ದಾಟಿ ಗಾಜನೂರಿನ ಬಿಸಿಲು ಕಾಣುತ್ತಲೇ ಫಳಫಳ ಹೊಳೆಯತೊಡಗುತ್ತದೆ. “ಎಲ್ಲಿದೆ ಸರ್ ನೀರು? ಇದ್ದಾಗ ತನ್ನಿ.” ಇದ್ದಾಗ ತರೋಣವೆಂದರೆ ರಾತ್ರಿ, ಮಳೆ, ಮುಂದೆ ದಾರಿ ಕಾಣದಷ್ಟು ಮಂದವಾದ ದೀಪ. ಕೊನೆಗೆ ನೀರು ಸಮೇತ ಸಿಕ್ಕಿಬಿದ್ದರೂ ತೀರ್ಪು ಸಿದ್ಧವಿರುತ್ತದೆ: ಹೊರಗಿನಿಂದ ಬಂದ ನೀರಿಗೆ ವಾರಂಟಿ ಅನ್ವಯಿಸುವುದಿಲ್ಲ. ಒಳಗಿನಿಂದ ನೀರು ಬರಲು ಅದೇನು ತಲಕಾವೇರಿಯೇ? ಅಂಟು ಬಿಟ್ಟಿದ್ದರೆ ಅಂಟು ಹಾಕುವ ಪದ್ಧತಿಯೂ ಇಲ್ಲ, ಇಡೀ ದೀಪವನ್ನೇ ಕೊಳ್ಳಬೇಕು.

ಊರಿನ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿ, ಹೆಂಡತಿಯ ಹೇರ್ ಡ್ರೈಯರಿನಲ್ಲಿ ಹದವಾಗಿ ಬಿಸಿಗಾಳಿ ಊದಿ, ಹೊಸ ರಬ್ಬರ್ ಕೂರಿಸಿ, “ತೂತು ಮಾತ್ರ ಕೊರೆಸಬೇಡಿ ಮಾರಾಯರೇ, ಹೋದ ನೀರು ಧೂಳನ್ನೂ ಕರೆದುಕೊಂಡು ವಾಪಸು ಬರುತ್ತದೆ” ಎನ್ನುತ್ತಾನೆ. ಸರ್ವಿಸ್ ಸೆಂಟರಿನದು ಲಿಖಿತ ವ್ಯವಹಾರ. ಸಂಜೆ ಗಾಡಿಯ ಜೊತೆಗೆ ಜಾಬ್ ಕಾರ್ಡ್ ಕೈಗೆ ಬರುತ್ತದೆ. ಗ್ರಾಹಕರ ದೂರು: ಹೆಡ್‌ಲೈಟಿನೊಳಗೆ ನೀರು. ಕೈಗೊಂಡ ಕ್ರಮ: ವಾಟರ್ ವಾಶ್.